ದೇವದುರ್ಗದ ಮನೆಯ ಬಾಯ್ಲರ್

ಅಕ್ಕಿ ಮಿಲ್ಲಿನ ದೊಡ್ಡಪ್ಪನ ಫೋನಿಗೆ ಕರೆ ಬರುವುದೇ ಅಪರೂಪ. ಬಂದರೂ ಅದು ಮಿಲ್ಲಿನ ಮ್ಯಾನೇಜರನದ್ದು, ಇಲ್ಲವೇ ಸಿಮ್ ಕಂಪನಿಯ ಹುಡುಗಿಯದ್ದು. ಆ ಹುಡುಗಿಯನ್ನೂ ಅವನು ಸುಮ್ಮನೆ ಬಿಡುತ್ತಿರಲಿಲ್ಲ. ಯಾವ ಊರವ್ವಾ, ಊಟ ಆಯಿತಾ ಎಂದು ವಿಚಾರಿಸುತ್ತ ಕೂಡುತ್ತಿದ್ದ. ಕೊನೆಗೆ ಅವಳೇ ಬೇಸತ್ತು ಫೋನಿಡುತ್ತಿದ್ದಳು. ಹೀಗಿರುವಾಗ ಜನವರಿಯ ಒಂದು ಬೆಳಿಗ್ಗೆ ಫೋನಿನ ಮೇಲೆ ಜಾಹೆದಾಳ ಹೆಸರು ಮೂಡಿದ್ದು ನೋಡಿ ಅವನು ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ. ಜಾಹೆದಾ ದೇವದುರ್ಗದಲ್ಲಿ ಅವನ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಹೊಲಿಗೆ ಮಷೀನಿನ ಮುಂದೆ ಕೂತು ಓಣಿಯವರಿಗೆಲ್ಲ ಜಂಪರ್ ಹೊಲಿದುಕೊಡುತ್ತಾಳೆ. ಅವಳು ಫೋನು ಮಾಡಿದ್ದಾಳೆಂದರೆ ಮನೆಯ ಸುದ್ದಿಯೇ ಇರಬೇಕು. ಮನೆಯ ಸುದ್ದಿ ಎನ್ನುವುದು ಅವನಿಗೆ ತಲುಪಿ ಎರಡು ವರ್ಷವಾಗಿತ್ತು.

"ಕಾಕಾ, ನಿಮ್ಮ ಮನಿ ಬಾಯ್ಲರ್ ಸೋರಾಕತ್ತದ. ಏನ್ ಮಾಡಬೇಕು ಕೇಳು ಅಂದ್ರು ಕಾಕಿ," ಎಂದಳು ಜಾಹೆದಾ.

ಕಾಕಿ ಎಂದರೆ ಹಂಪಮ್ಮ, ಅವನ ಹೆಂಡತಿ. ಅವಳು ಪಕ್ಕದಲ್ಲೇ ನಿಂತಿದ್ದಳು. ಅವಳ ಬಳೆ ಸದ್ದು ಕೂಡ ಫೋನಿನಲ್ಲಿ ಕೇಳಿಸುತ್ತಿತ್ತು. ಆದರೆ ಫೋನನ್ನು ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ.

ಬಾಯ್ಲರಿನ ವಿಷಯಕ್ಕೆ ದೊಡ್ಡಪ್ಪನನ್ನು ಕೇಳುವುದು ಸಹಜವೇ. ರಾಯಚೂರಿನ ಹೊರವಲಯದ ಒಂದು ಅಕ್ಕಿ ಮಿಲ್ಲಿನಲ್ಲಿ ಅವನು ಬಾಯ್ಲರ್ ಕಾಯುವವನು. ಕುದಿಸಿದ ಅಕ್ಕಿಗೆ ಬೇಕಾದ ಹಬೆಯೆಲ್ಲ ಅವನ ಕೈಯಿಂದಲೇ ಹೋಗಬೇಕು. ಭತ್ತದ ಹೊಟ್ಟು ನುಂಗಿ ಗುರುಗುಡುವ ಆ ದೊಡ್ಡ ಬಾಯ್ಲರಿನ ಜೊತೆ ಅವನದು ಅರ್ಧ ಆಯುಷ್ಯ ಕಳೆದಿದೆ. ಮನೆಯಲ್ಲಿದ್ದದ್ದು ಅದರ ಮುಂದೆ ಗೊಂಬೆಯಂಥ ವಸ್ತು. ಬಚ್ಚಲ ಮನೆಯಲ್ಲಿ ನಿಂತ ತಾಮ್ರದ ಬಾಯ್ಲರ್, ಅದರ ನಡುವೆ ಮೇಲಿನಿಂದ ಕೆಳಕ್ಕೆ ಬೆಂಕಿ ಹಾಕುವ ಒಂದು ಕೊಳವೆ, ಸುತ್ತಲೂ ನೀರು, ಕೆಳಗೆ ಬೂದಿ ಬೀಳಲು ಜಾಲರಿ, ಪಕ್ಕಕ್ಕೊಂದು ನಳ. ಅಷ್ಟೇ.

ಏನಾಗಿದೆ ಎಂದು ಅವನು ಕೇಳಿದ. ಜಾಹೆದಾ ಹೇಳಿದಳು: ಬೆಂಕಿ ಹಚ್ಚಿದರೆ ಸಾಕು, ಕೊಳವೆಯೊಳಗಿಂದ ಪಟಪಟ ನೀರು ಬೀಳುತ್ತದೆ, ಕೆಂಡ ಚುಂಯ್ ಎನ್ನುತ್ತದೆ, ಬಚ್ಚಲ ತುಂಬ ಹೊಗೆ, ಕೆಳಗಿನ ಬೂದಿಯೆಲ್ಲ ರಾಡಿ.

ಇಲ್ಲಿ ಬಾಯ್ಲರ್ ಬಲ್ಲ ಯಾರೇ ಆಗಲಿ ಮೊದಲು ಕೇಳುವ ಪ್ರಶ್ನೆ ಒಂದೇ. ಬೆಂಕಿ ಇಲ್ಲದಾಗಲೂ ಸೋರುತ್ತದೆಯೋ, ಹಚ್ಚಿದಾಗ ಮಾತ್ರವೋ? ಅದೊಂದನ್ನು ಕೇಳಿದ್ದರೆ ಅರ್ಧ ರೋಗ ಗೊತ್ತಾಗಿಬಿಡುತ್ತಿತ್ತು. ದೊಡ್ಡಪ್ಪನಿಗೆ ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಉತ್ತರವೂ ಮುಕ್ಕಾಲು ಪಾಲು ಹೊಳೆದಿತ್ತು. ಆದರೂ ಮಹಾಶಯ ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ದೊಡ್ಡ ಡಾಕ್ಟರನ ಗತ್ತಿನಲ್ಲಿ, ಕೊಳವೆಗೆ ತೂತು ಬಿದ್ದಿರಬೇಕು ಎಂದ. ಬೆಂಕಿ ಹಚ್ಚಲೇಬೇಡಿ, ಹಚ್ಚಿದರೆ ಬೆಸುಗೆ ಪೂರ್ತಿ ಬಿಟ್ಟುಬಿಡುತ್ತದೆ ಎಂದ. ಫೋನಿನಲ್ಲಿ ಹೇಳುವಂಥದ್ದಲ್ಲ, ತಾನೇ ಬಂದು ನೋಡಬೇಕಾಗುತ್ತದೆ ಎಂದ. ಅಷ್ಟು ಹೇಳಿ ಕಾದ.

ಆ ಕಡೆ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಜಾಹೆದಾ, ಬರುವುದು ಬೇಡವಂತೆ, ಇಲ್ಲೇ ಯಾರನ್ನಾದರೂ ಕರೆದು ತೋರಿಸುತ್ತಾರಂತೆ ಎಂದು ಹೇಳಿ ಫೋನಿಟ್ಟಳು.

ಅವನನ್ನು ಮನೆ ಬಿಟ್ಟು ಯಾರೂ ಓಡಿಸಿರಲಿಲ್ಲ. ಅವನೇ ಬಿಟ್ಟುಬಂದದ್ದು. ಒಬ್ಬಳೇ ಮಗಳು ಶೈಲಜಾ ರಾಯಚೂರಿನಲ್ಲಿ ಬಿ.ಎಡ್. ಓದುವಾಗ ಮಾನ್ವಿಯ ಅಂಬರೀಶನನ್ನು ಮೆಚ್ಚಿದಳು. ಹುಡುಗ ಈಗ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಕುಡಿತ ಇಲ್ಲ, ಸೇದುವುದಿಲ್ಲ, ಮಾತೂ ಮೆತ್ತಗೆ. ಜಾತಿ ಬೇರೆ. ಅಷ್ಟೇ ವಿಷಯ. ಅದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅಂಬರೀಶನ ಅಪ್ಪ ಅಮ್ಮ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಅಪ್ಪ ತೀರಿಕೊಂಡ ಮೇಲೆ ತಾಯಿ ಶಶಿಕಲಾ ಅಂಗನವಾಡಿಯಲ್ಲಿ ದುಡಿದು ಮಗನನ್ನು ಓದಿಸಿದ್ದಳು. ಮದುವೆಗೆ ಕರೆಯಲು ಆಕೆ ಒಬ್ಬಳೇ ಬಸ್ಸು ಹತ್ತಿ ದೇವದುರ್ಗಕ್ಕೆ ಬಂದಾಗ ಹಂಪಮ್ಮ ಚಾಪೆ ಹಾಸಿ ಚಹಾ ಕೊಟ್ಟಳು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು, ಒಳಗಿದ್ದವಳಿಗೆ ಕೇಳಲಿ ಎಂದೇ ಜೋರಾಗಿ, ಅವರ ಮನೆಗೆ ನಾನು ಹೋಗುವುದಿಲ್ಲ, ಈ ಮನೆಗೆ ಅವರು ಬರುವುದೂ ಬೇಡ ಎಂದುಬಿಟ್ಟ. ಶಶಿಕಲಾ ಚಹಾ ಅಲ್ಲೇ ಬಿಟ್ಟು ಎದ್ದುಹೋದಳು. ಮದುವೆಗೆ ಹಂಪಮ್ಮ ಒಬ್ಬಳೇ ಹೋದಳು. ತಿರುಗಿ ಬಂದಾಗ ದೊಡ್ಡಪ್ಪ ಬ್ಯಾಗು ತುಂಬಿಕೊಂಡು ರಾಯಚೂರಿಗೆ ಹೋಗಿಯಾಗಿತ್ತು.

ಅದಕ್ಕೆ ಮುಂಚೆ ಅವನು ವಾರಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದವನು. ಈಗ ಮಿಲ್ಲಿನ ಹಿಂದಿನ ಗೋಡೆಗೆ ಆತುಕೊಂಡ ತಗಡಿನ ಖೋಲಿಯೇ ಮನೆಯಾಯಿತು. ತಾವಾಗಿಯೇ ಕರೆಯುತ್ತಾರೆ, ಕರೆದಾಗ ಎರಡು ಸಲ ಆಗುವುದಿಲ್ಲ ಎಂದು ಮೂರನೇ ಸಲಕ್ಕೆ ಹೋದರಾಯಿತು ಎಂದು ಲೆಕ್ಕ ಹಾಕಿಕೊಂಡಿದ್ದ. ಒಂದು ಸಲವೂ ಯಾರೂ ಕರೆಯಲಿಲ್ಲ. ಹಠ ಮಾಡುವುದು ಸುಲಭ, ಹಠ ಮಾಡಿದವನನ್ನು ರಮಿಸಲು ಜನ ಬೇಕು. ಅವನನ್ನು ರಮಿಸುವವರು ಯಾರೂ ಇರಲಿಲ್ಲ. ಖಾನಾವಳಿಯಲ್ಲಿ ಒಬ್ಬನೇ ಉಣ್ಣುವಾಗ, ಎದುರಿನ ಖಾಲಿ ಕುರ್ಚಿಯನ್ನು ಯಾರಾದರೂ ಬೇಕೇನ್ರೀ ಎಂದು ಕೇಳಿ ಎಳೆದುಕೊಂಡು ಹೋದರೆ ಅವನು ಅರ್ಧ ಊಟ ಬಿಟ್ಟು ಎದ್ದುಬಿಡುತ್ತಿದ್ದ.

ಆದ್ದರಿಂದ ಅವನು ಸುಳ್ಳು ಹೇಳಿದ್ದು ಬಾಯ್ಲರಿನ ಸಲುವಾಗಿ ಅಲ್ಲ. ದೇವದುರ್ಗದಲ್ಲಿ ತಾಮ್ರದ ಕೆಲಸ ಮಾಡುವವನು ಒಬ್ಬನೇ. ಅವನು ಸುಗ್ಗಿಯ ದಿನಗಳಲ್ಲಿ ಜಾಲಹಳ್ಳಿ, ಕವಿತಾಳ ಎಂದು ಸಂತೆ ಸಂತೆ ತಿರುಗುತ್ತಿರುತ್ತಾನೆ, ಕೈಗೆ ಸಿಗುವುದಿಲ್ಲ ಎಂಬುದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಸಿಗದಿದ್ದರೆ ಮತ್ತೆ ತನಗೇ ಫೋನು ಬರಬೇಕು. ಆಗ ಬರ್ರಿ ಎನ್ನಲೇಬೇಕು. ಅಂದು ಸಂಜೆ ಅವನು ಕ್ಷೌರ ಮಾಡಿಸಿಕೊಂಡ, ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದ. ಬೆಸುಗೆಯ ಸಾಮಾನನ್ನು ಚೀಲದಲ್ಲಿ ತುಂಬಿದ. ತೂತೇ ಇಲ್ಲದ ಕೊಳವೆಗೆ ಬೆಸುಗೆ ಹಾಕಲು ಹೊರಟವನ ಸಂಭ್ರಮ ನೋಡಬೇಕಿತ್ತು. ತನ್ನ ಜೊತೆಗಾರ ಯಮನೂರಪ್ಪನಿಗೂ, ಮನೆಯಿಂದ ಕರೆ ಬಂದಿದೆ, ಒಂದೆರಡು ದಿನ ನೀನು ಬಾಯ್ಲರ್ ನೋಡಿಕೋ ಎಂದು ಹೇಳಿಟ್ಟ. ಕರೆ ಇನ್ನೂ ಬಂದಿರಲಿಲ್ಲ.

ಮಾರನೆಯ ದಿನ ಫೋನು ಬರಲಿಲ್ಲ. ಅದರ ಮಾರನೆಯ ದಿನ ಹೊತ್ತೇರಿದ ಮೇಲೆ ಬಂತು, ಅದೂ ವಿಡಿಯೋ. ಜಾಹೆದಾಳ ಮುಖ ಅರ್ಧ ಕಂಡಿತು. ತಾಮ್ರದವನು ಸಿಗಲಿಲ್ಲವೆಂದೂ, ಬಾಯ್ಲರನ್ನು ತೋರಿಸುತ್ತೇನೆ, ಅಲ್ಲಿಂದಲೇ ನೋಡಿ ಏನು ಮಾಡಬೇಕೆಂದು ಹೇಳಬೇಕಂತೆ ಎಂದೂ ಅವಳು ಹೇಳಿದಳು. ಬರ್ರಿ ಎನ್ನುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ದೊಡ್ಡಪ್ಪ ಪೆಚ್ಚಾದ. ಆಯಿತು ತೋರಿಸವ್ವಾ ಎಂದ.

ಫೋನು ಹಿತ್ತಲ ಕಡೆಗೆ ನಡೆಯಿತು. ಅವನ ಮನೆ ಅವನ ಅಂಗೈಯಲ್ಲಿ ಓಲಾಡುತ್ತ ಸಾಗಿತು. ಪಡಸಾಲೆ, ಅಡುಗೆಮನೆ, ಅಡುಗೆಮನೆಯಲ್ಲಿ ಗ್ಯಾಸಿನ ಎರಡೂ ಒಲೆಯ ಮೇಲೆ ನೀರಿನ ದೊಡ್ಡ ಪಾತ್ರೆಗಳು. ಒಬ್ಬಳಿಗೆ ಇಷ್ಟು ನೀರೇಕೆ ಎಂದುಕೊಳ್ಳುವಷ್ಟರಲ್ಲಿ ಹಿತ್ತಲ ಬಿಸಿಲು ಬಂತು. ಹಗ್ಗದ ಮೇಲೆ ಸಾಲಾಗಿ ಬಟ್ಟೆ ಒಣಹಾಕಿದ್ದರು. ಹಳೆಯ ಸೀರೆ ಹರಿದು ಮಾಡಿದ, ಅಂಗೈಯಗಲದ, ಮೊಳದುದ್ದದ ತುಂಡುಗಳು.

"ಜಾಹೆದಾ, ಫೋನು ಹಂಗ ಹಿಡಿ. ಸ್ವಲ್ಪ ಬಲಕ್ಕ ತಿರುಗಿಸು."

ಅವಳು ತಿರುಗಿಸಿದಳು. ಬಚ್ಚಲ ಬಾಗಿಲಲ್ಲಿ ಎಣ್ಣೆ ಹತ್ತಿ ಕಪ್ಪಾದ ಮಣೆ. ಅದರ ಪಕ್ಕ ಕೆಂಡದ ಬಟ್ಟಲು, ಅದರಲ್ಲಿ ಅಜವಾನ ಸುಟ್ಟ ಕರಕು. ಇದನ್ನೆಲ್ಲ ಅವನು ಒಮ್ಮೆ ನೋಡಿದ್ದ, ಶೈಲಜಾ ಹುಟ್ಟಿದಾಗ. ಬಾಯ್ಲರಿನ ರೋಗ ಕಂಡುಹಿಡಿಯಲು ಕೂತವನಿಗೆ ಮನೆಯ ಸುದ್ದಿ ಕಣ್ಣಿಗೆ ಬಿತ್ತು. ಮನೆಯಲ್ಲಿ ಬಾಣಂತಿ ಇದ್ದಾಳೆ. ಮಗಳು ಬಸುರಿಯಾದದ್ದು, ಹೆರಿಗೆಗೆ ತವರಿಗೆ ಬಂದದ್ದು, ಹೆತ್ತದ್ದು ಯಾವುದೂ ಅವನಿಗೆ ಗೊತ್ತಿಲ್ಲ. ಯಾರೂ ಹೇಳಿಲ್ಲ. ಊರಿಗೆಲ್ಲ ಗೊತ್ತಿರುತ್ತದೆ, ಹಾಲು ಹಾಕುವವನಿಗೂ ಗೊತ್ತಿರುತ್ತದೆ. ಒಳಗೆಲ್ಲೋ ಕೂಸು ಅತ್ತಿತು. ಯಾರೋ ಅದನ್ನು ಸುಮ್ಮನಾಗಿಸಿದರು. ದೊಡ್ಡಪ್ಪ ಹೊಟ್ಟಿನ ಚೀಲದ ಮೇಲೆ ಕೂತ.

ಆಮೇಲೆ ನೆನಪಾಯಿತು ಬೆಂಕಿ ಹಚ್ಚಬೇಡಿ ಎಂದು ತಾನೇ ಹೇಳಿದ್ದು. ಬಾಣಂತಿಗೆ ಎರೆಯಬೇಕೆಂದರೆ ಹಂಡೆಗಟ್ಟಲೆ ನೀರು ಬೇಕು, ಮೈ ಕೆಂಪಾಗುವಂಥ ಬಿಸಿ ಬೇಕು. ಈ ಚಳಿಯಲ್ಲಿ ಅವಳಿಗೆ ಗ್ಯಾಸಿನ ಮೇಲೆ ಕಾದ ಒಂದೆರಡು ಪಾತ್ರೆ ನೀರನ್ನೇ ತಣ್ಣೀರು ಬೆರೆಸಿ ಎರೆದಿದ್ದಾರೆ. ತನ್ನನ್ನು ಕರೆಯಲಿ ಎಂದು ಅವನು ಹೂಡಿದ ಆಟ ಹೋಗಿ ಮಗಳ ಮೈಗೆ, ಕೂಸಿನ ಮೈಗೆ ತಾಗಿತ್ತು.

ಈಗಲೂ ತೂತೇ ಎಂದರೆ ಮುಗಿಯಿತು. ಚೀಲ ಸಿದ್ಧವಿದೆ, ಅಂಗಿಗೆ ಇಸ್ತ್ರಿಯಾಗಿದೆ, ತಾಮ್ರದವನು ಸಿಕ್ಕಿಲ್ಲ. ಕರೆಯದೆ ಅವರಿಗೆ ಬೇರೆ ದಾರಿ ಇಲ್ಲ. ಸಂಜೆಯ ಬಸ್ಸಿಗೆ ಹೋದರೆ ಕೂಸನ್ನು ನೋಡಬಹುದು. ಸೋರುತ್ತಿಲ್ಲ ಎಂದು ನಿಜ ಹೇಳಿದರೆ ಜಾಹೆದಾ ಸಂತೋಷದಿಂದ ಫೋನಿಡುತ್ತಾಳೆ. ಮತ್ತೆ ಯಾವಾಗ ಮಾಡುತ್ತಾಳೋ, ಮಾಡುತ್ತಾಳೋ ಇಲ್ಲವೋ. ಆದರೆ ಅವನು ಹೋಗಿ ಮುಟ್ಟುವ ತನಕ ಬಾಣಂತಿಗೆ ಮತ್ತದೇ ಅರೆಬೆಚ್ಚಗಿನ ನೀರು. ಹೊಟ್ಟಿನ ಚೀಲದ ಮೇಲೆ ಕೂತು ಅವನು ಇದನ್ನೆಲ್ಲ ಯೋಚಿಸಿದ. ಕಾಕಾ, ಲೈನಿನಾಗ ಇದ್ದೀರೇನ್ರೀ ಎಂದು ಜಾಹೆದಾ ಕೇಳಿದಳು.

ಇದ್ದೀನವ್ವಾ ಎಂದು ಅವನು ಕೆಲಸ ಹಿಡಿದ. ಜಾಲರಿಯ ಕೆಳಗಿನ ರಾಡಿ ತೆಗೆಸಿ ಒಣ ಬೂದಿ ಹರಡಿಸಿದ. ಬೆಂಕಿ ಹಾಕದೆ ಬಾಯ್ಲರ್ ತುಂಬ ನೀರು ತುಂಬಿಸಿದ. ನಳದ ಸುತ್ತ ಒಣ ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿ ನೋಡಲು ಹೇಳಿದ. ಅಷ್ಟು ಹೊತ್ತು ಫೋನು ಬಚ್ಚಲ ಗೋಡೆಗೆ ಒರಗಿ ಕೂತಿತ್ತು. ಹಂಪಮ್ಮನ ಪಾದಗಳು ಅದರಲ್ಲಿ ಹೋಗುತ್ತಿದ್ದವು, ಬರುತ್ತಿದ್ದವು. ಹಿಮ್ಮಡಿ ಒಡೆದಿದ್ದವು. ಚಳಿಗಾಲದಲ್ಲಿ ಅವಳಿಗೆ ಯಾವಾಗಲೂ ಹಾಗೆಯೇ, ಮುಲಾಮು ತಂದುಕೊಡುವುದು ಅವನ ಕೆಲಸವಾಗಿತ್ತು. ಬೂದಿ ಒಣಗಿದ್ದು ಒಣಗಿದ ಹಾಗೆಯೇ ಇತ್ತು, ನಳವೂ ಒಣಗಿತ್ತು. ಈಗ ಬೆಂಕಿ ಹಚ್ಚಿ ಎಂದ. ಹಚ್ಚಿದ ಕೂಡಲೇ ಕೊಳವೆಯೊಳಗೆ ಹನಿಗಳು ಶುರುವಾದವು, ಬೂದಿಯ ಮೇಲೆ ಕಪ್ಪು ಚುಕ್ಕೆ ಬಿದ್ದವು. ಏನು ಕಟ್ಟಿಗೆ ಉರಿಸುತ್ತಿದ್ದೀರಿ ಎಂದು ಕೇಳಿದ. ಹತ್ತಿಕಟ್ಟಿಗೆ, ಹೊಲದಿಂದ ಮೊನ್ನೆ ಕಿತ್ತು ತಂದದ್ದು, ಇನ್ನೂ ಹಸಿ ಎಂದಳು ಜಾಹೆದಾ. ಒಂದು ಕೊಡ ಬಿಸಿನೀರು ತೆಗೆದರೆ ಒಂದು ಕೊಡ ತಣ್ಣೀರು ಹಾಕುತ್ತೀರೇನು ಎಂದು ಕೇಳಿದ. ಹೌದು, ದಿನವೆಲ್ಲ ಹಾಗೆಯೇ ಎಂದಳು.

"ಅದು ಸೋರಾಕತ್ತಿಲ್ಲವ್ವಾ, ಬೆವರಾಕತ್ತದ," ಎಂದ ದೊಡ್ಡಪ್ಪ. ಹಸಿ ಕಟ್ಟಿಗೆಯ ಹೊಗೆಯಲ್ಲಿ ನೀರಿನ ಅಂಶ ಇರುತ್ತದೆ, ತಣ್ಣಗಿರುವ ಕೊಳವೆಗೆ ತಾಗಿ ಹನಿಯಾಗಿ ಇಳಿಯುತ್ತದೆ, ನೀರು ಕಾದ ಮೇಲೆ ತಾನಾಗಿಯೇ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದ. ಒಣ ಕಟ್ಟಿಗೆಯಿಂದ ಹಚ್ಚಬೇಕು, ಉರಿ ಹತ್ತಿದ ಮೇಲೆ ಬೇಕಾದರೆ ಹಸಿಯದು, ಮೇಲಿಂದ ಮೇಲೆ ತಣ್ಣೀರು ಹಾಕಬಾರದು. ಬಾಯ್ಲರಿಗೆ ಏನೂ ಆಗಿಲ್ಲ, ಇನ್ನೂ ಹತ್ತು ಬಾಣಂತನ ತಡೆಯುತ್ತದೆ. ಬಾಣಂತನ ಎಂಬ ಮಾತು ಬಾಯಿಂದ ಜಾರಿಬಿಟ್ಟಿತ್ತು.

ಫೋನು ಅಲುಗಿತು. ಈ ಸಲ ತೆರೆಯ ಮೇಲೆ ಬಂದದ್ದು ಹಂಪಮ್ಮನ ಮುಖ. ಹೊಗೆಗೆ ಕಣ್ಣು ಕೆಂಪಾಗಿದ್ದವು.

"ಮೊನ್ನಿ ತೂತು ಬಿದ್ದದ ಅಂದ್ರಲ್ಲ?"

ಎರಡು ವರ್ಷದ ಮೇಲೆ ಹೆಂಡತಿ ಆಡಿದ ಮೊದಲ ಮಾತು ಅದು. ಅವನು ಏನೇನೋ ಹೇಳಬಹುದಿತ್ತು. ಕಣ್ಣಿಗೆ ಕಾಣದೆ ಹೇಗೆ ಹೇಳಲಿ ಎನ್ನಬಹುದಿತ್ತು.

"ಸುಳ್ಳು ಹೇಳಿದ್ದೆ," ಎಂದ. "ನೀ ಕರೀತಿ ಏನೋ ಅಂತ."

ಹಂಪಮ್ಮ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಎರಡು ದಿನ ಹುಡುಗಿಗೆ ಸರಿಯಾಗಿ ಎರೆದಿಲ್ಲ, ಸೊಂಟ ಹಿಡಿದುಕೊಂಡು ಕೂತಿದ್ದಾಳೆ ಎಂದಷ್ಟೇ ಹೇಳಿದಳು. ಆಗ ದೊಡ್ಡಪ್ಪ, ಇಷ್ಟು ದಿನ ಯಾರಾದರೂ ತನಗೆ ಹೇಳಲಿ ಎಂದು ಕಾದ ಮಾತನ್ನು, ತಾನೇ ಕೇಳಿದ. ಬರ್ಲೇನು ಎಂದ. ಹಂಪಮ್ಮ ಅವನನ್ನೇ ನೋಡಿದಳು. ಫೋನು ಹಿಡಿದು ಒಳಗೆ ಹೋದಳು. ಕತ್ತಲೆ ಕೋಣೆ, ಮಂಚ, ತಲೆಗೆ ಬಟ್ಟೆ ಕಟ್ಟಿಕೊಂಡ ಶೈಲಜಾ. ಅವಳ ಮಗ್ಗುಲಿಗೆ ಒಂದು ಬಿಳಿ ಗಂಟು, ಮುಖ ಆ ಕಡೆಗೆ.

"ನನ್ನ ಕೇಳಬ್ಯಾಡಪ್ಪಾ," ಎಂದಳು ಶೈಲಜಾ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಮ್ಮ ಅತ್ತಿನ್ನ ಕೇಳು."

ಫೋನು ಕಟ್ಟಾಯಿತು. ಕೂಸು ಗಂಡೋ ಹೆಣ್ಣೋ ಎಂದು ಕೇಳಿಕೊಳ್ಳುವುದನ್ನೂ ಮರೆತೆ ಎಂದು ಅವನಿಗೆ ಆಮೇಲೆ ಹೊಳೆಯಿತು. ಬಾಯ್ಲರಿನ ಗುರುಗುಡುವಿಕೆಯಲ್ಲಿ ಯಾರಿಗೂ ಕೇಳಿಸದ ಹಾಗೆ ಸ್ವಲ್ಪ ಹೊತ್ತು ಅತ್ತ.

ಮಾರನೆಯ ಬೆಳಿಗ್ಗೆ ಅವನು ರಾಯಚೂರು ಬಸ್ ನಿಲ್ದಾಣದಲ್ಲಿ ದೇವದುರ್ಗದ ಬಸ್ಸು ನಿಂತದ್ದನ್ನು ದಾಟಿ ಹೋಗಿ ಮಾನ್ವಿಯ ಬಸ್ಸು ಹತ್ತಿದ. ಬೆಸುಗೆಯ ಚೀಲವನ್ನು ಖೋಲಿಯಲ್ಲೇ ಬಿಟ್ಟಿದ್ದ. ಕಿಟಕಿಯಾಚೆ ಕೊಯ್ದ ಗದ್ದೆಗಳು, ಕಾಲುವೆ, ಲಾರಿಗಳಲ್ಲಿ ಹತ್ತಿ. ಏನು ಮಾತಾಡಬೇಕೆಂದು ದಾರಿಯುದ್ದ ಹೊಂದಿಸಿಕೊಂಡ. ಮಾನ್ವಿಯಲ್ಲಿ ಇಳಿದು ಅಂಗನವಾಡಿ ಶಶಿಕಲಾ ಅವರ ಮನೆ ಎಂದು ಕೇಳಿದರೆ ಚಿಕ್ಕ ಮಕ್ಕಳೂ ತೋರಿಸಿದವು. ಹೊಂದಿಸಿಕೊಂಡದ್ದೆಲ್ಲ ಆ ಓಣಿಗೆ ಬರುವಷ್ಟರಲ್ಲಿ ಖಾಲಿಯಾಗಿತ್ತು.

ಶಶಿಕಲಾ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವನನ್ನು ನೋಡಿ ಮೊರ ಕೆಳಗಿಟ್ಟು ಎದ್ದು ನಿಂತಳು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದೇ ತಟ್ಟೆ, ಒಂದೇ ಲೋಟ ತೊಳೆದು ಬೋರಲು ಹಾಕಿತ್ತು. ಅಂಬರೀಶ ಶಾಲೆ ಮುಗಿಸಿ ಶನಿವಾರ ಹೆಂಡತಿಯ ಹತ್ತಿರ ಹೋದರೆ ಸೋಮವಾರವೇ ಬರುವುದು. ಅಂದು ಭಾನುವಾರ.

"ಕೂಸು ಇಲ್ಲಿಲ್ಲಲ್ರೀ," ಎಂದಳು ಶಶಿಕಲಾ. "ದೇವದುರ್ಗದಾಗ ಅದ."

"ಗೊತ್ತದರೀ. ನಾ ನಿಮ್ಮ ಮನಿಗೇ ಬಂದೀನಿ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕೈಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಬೋರಲು ಹಾಕಿದ್ದ ತಟ್ಟೆಯನ್ನೇ ತೆಗೆದು ರೊಟ್ಟಿ, ಪುಂಡಿಪಲ್ಯ ಹಾಕಿದಳು. ಅವನು ತಲೆ ತಗ್ಗಿಸಿ ಉಂಡ. ಹಿಂದೆ ಕಟ್ಟೆಯ ಮೇಲೆ ಕೂತು ಆಡಿದ ಮಾತು ತಪ್ಪಾಯಿತು ಎಂದ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಕೈ ತೊಳೆದ ಮೇಲೆ ಅವನು ಬಂದ ಕೆಲಸ ಹೇಳಿದ. ಮಗಳು ನಿಮ್ಮನ್ನು ಕೇಳಬೇಕೆಂದಿದ್ದಾಳೆ, ನೀವು ಹೂಂ ಎಂದರೆ ಹೋಗಿ ಕೂಸಿನ ಮುಖ ನೋಡುತ್ತೇನೆ ಎಂದ. ಕೂಸು ಗಂಡೋ ಹೆಣ್ಣೋ ಅದೂ ತನಗೆ ಗೊತ್ತಿಲ್ಲ ಎಂದ.

"ಹೆಣ್ಣು," ಎಂದಳು ಶಶಿಕಲಾ. "ಮೂಗು ನನ್ನಂಗ ಅದ ಅಂತ ಅಂಬರೀಶ ಅಂತಾನ. ಫೋಟೋದಾಗ ಅಷ್ಟು ತಿಳಿಯಂಗಿಲ್ಲ."

ದೊಡ್ಡಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. ಫೋಟೋದಲ್ಲಿ ಏಕೆ, ನೀವು ನೋಡಿಲ್ಲವೇನು ಎಂದು ಕೇಳಿದ. ಕೇಳುತ್ತಿರುವಾಗಲೇ ಅರ್ಥವಾಯಿತು. ಆ ಸೀಮೆಯಲ್ಲಿ ಕೂಸು ನೋಡಲು ಬೀಗರು ಸುಮ್ಮನೆ ಎದ್ದು ಹೋಗುವುದಿಲ್ಲ. ಹೆಣ್ಣಿನ ಮನೆಯ ಯಜಮಾನ ತಾನೇ ಬಂದು ಬರ್ರಿ ಎಂದು ಕರೆಯಬೇಕು. ಹಂಪಮ್ಮ ಫೋನಿನಲ್ಲಿ ಎಷ್ಟು ಸಲ ಕರೆದಿದ್ದಳೋ, ಆದರೆ ಬರಬೇಡಿ ಎಂದ ಯಜಮಾನನ ಮಾತು ಆ ಮನೆಯ ಬಾಗಿಲಲ್ಲಿ ಇನ್ನೂ ಇತ್ತು. ಮೊಮ್ಮಗಳು ಹುಟ್ಟಿದಂದಿನಿಂದ ಪ್ರತಿ ಭಾನುವಾರ ಈ ಹೆಂಗಸು ಇಲ್ಲಿ ಒಂದೇ ತಟ್ಟೆ ತೊಳೆದುಕೊಂಡು ಕೂತಿದ್ದಳು, ಅವನು ಅಲ್ಲಿ ಹೊಟ್ಟಿನ ಚೀಲದ ಮೇಲೆ ಕೂತಿದ್ದ. ತನ್ನನ್ನು ಯಾರೂ ಕರೆಯಲಿಲ್ಲ ಎಂದು ಎರಡು ವರ್ಷ ಕೊರಗಿದವನು, ಕರೆಯಬೇಕಾದವನು ತಾನೇ ಎಂಬುದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಅವನು ಎದ್ದು ಹೊರಗೆ ಹೋದ. ಹೊಸ್ತಿಲಿನಾಚೆ, ಕರೆಯಲು ಬಂದವರು ನಿಲ್ಲುವ ಜಾಗದಲ್ಲಿ ನಿಂತು, ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದ.

"ಬೀಗ್ತ್ಯಾರ, ನಮ್ಮ ಮನಿಗೆ ಬರ್ರಿ," ಎಂದ. "ಕೂಸಿನ್ನ ನೀವು ಮೊದಲು ಎತ್ಕೋಬೇಕು. ನಾ ಆಮ್ಯಾಲೆ ನೋಡ್ತೀನಿ."

ಶಶಿಕಲಾ ಮೊರದ ಹತ್ತಿರ ಬಂದಳು. ಹಸನು ಮಾಡಿದ ಜೋಳವನ್ನು ಡಬ್ಬಿಗೆ ಸುರಿದಳು, ಮೊರ ಗೋಡೆಗೆ ಒರಗಿಸಿದಳು, ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡಳು. ಆಮೇಲೆ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಎಷ್ಟೊತ್ತಿಗೆ ಎಂದು ಪಕ್ಕದ ಮನೆಯವರನ್ನು ಕೇಳಿಕೊಂಡು ಬರಲು ಹೋದಳು.